ಹಾಡುವ ಮಕ್ಕಳೊಡನೆ ನಡೆದ ಸಂತ: ಸಂತ ಜಾನ್ ಬೋಸ್ಕೊ

ಹಬ್ಬದ ಬಲಿಪೂಜೆಯಲ್ಲಿ ಮಕ್ಕಳ ಗಾನವೃಂದ ಹಾಡುವುದು ಇಂದು ನಮಗೆ ಹೊಸದಲ್ಲ. ಆದರೆ ಹಳಿಯಾಳ, ದಾಂಡೇಲಿ, ಜೋಯಿಡಾ, ಮುಂಡಗೋಡ ಸೀಮೆಯ ನಮ್ಮ ಮಕ್ಕಳನ್ನು ಹಾಡುವುದಕ್ಕಾಗಿ ಹುಬ್ಬಳ್ಳಿಗೋ ಬೆಂಗಳೂರಿಗೋ ಕರೆದೊಯ್ಯಬೇಕೆಂಬ ಮಾತು ಬಂದಾಗ, ಹೆತ್ತವರ ಮನದಲ್ಲಿ ಹಿಗ್ಗೂ ಆತಂಕವೂ ಒಟ್ಟಿಗೇ ಮೂಡುತ್ತವೆ. ಮಕ್ಕಳನ್ನು ಮಹಾನಗರಕ್ಕೆ ಏಕೆ ಕರೆದೊಯ್ಯಬೇಕು, ಹೇಗೆ ಕರೆದೊಯ್ಯಬೇಕು ಎಂಬ ಪ್ರಶ್ನೆಗೆ ತಮ್ಮ ಬಾಳಿನಿಂದಲೇ ಉತ್ತರವಿತ್ತ ಮಹನೀಯರೊಬ್ಬರಿದ್ದಾರೆ. ಅವರೇ ಸಂತ ಜಾನ್ ಬೋಸ್ಕೊ. ದೇವಾಲಯದ ಶತಮಾನೋತ್ಸವದ ಈ ಶುಭ ಸಂದರ್ಭದಲ್ಲಿ ಅವರ ಜೀವನವನ್ನು ಸ್ಮರಿಸುವುದು ಉಚಿತವೇ ಸರಿ.

ಉತ್ತರ ಇಟಲಿಯ ಬೆಕ್ಕಿ ಎಂಬ ಸಣ್ಣ ಹಳ್ಳಿಯಲ್ಲಿ, ಬಡ ರೈತ ಕುಟುಂಬವೊಂದರಲ್ಲಿ ಅವರು 1815ರ ಆಗಸ್ಟ್ 16ರಂದು ಜನಿಸಿದರು. ಎರಡು ವರ್ಷ ತುಂಬುವ ಮೊದಲೇ ತಂದೆ ತೀರಿಕೊಂಡರು. ದೈವಭಕ್ತೆಯೂ ದಿಟ್ಟೆಯೂ ಆಗಿದ್ದ ತಾಯಿ ಮಾರ್ಗರೀತಾ ಮಕ್ಕಳನ್ನು ದುಡಿದು ಸಾಕಿದರು. ಬಾಲಕ ಜಾನ್ ಹಗ್ಗದ ಮೇಲೆ ನಡೆಯುವುದು, ಕೈಚಳಕ ತೋರಿಸುವುದು ಮೊದಲಾದ ವಿದ್ಯೆಗಳನ್ನು ಕಲಿತು ಊರ ಹುಡುಗರನ್ನು ಸುತ್ತ ಸೇರಿಸುತ್ತಿದ್ದನು. ಆಟ ನೋಡಬೇಕಾದರೆ ಕಾಸು ಕೊಡಬೇಕಾಗಿರಲಿಲ್ಲ, ಜೊತೆಗೂಡಿ ಪ್ರಾರ್ಥಿಸಿದರೆ ಸಾಕಾಗಿತ್ತು. ಮುಂದೆ ಓದಿಗಾಗಿ ಕಸ್ತೆಲ್‌ನುವೊವೊ ಪಟ್ಟಣದಲ್ಲಿ ಒಬ್ಬ ದರ್ಜಿಯ ಮನೆಯಲ್ಲಿ ಉಳಿದುಕೊಂಡನು. ಆ ದರ್ಜಿ ದೇವಾಲಯದ ಗಾಯಕನೂ ಆಗಿದ್ದುದರಿಂದ, ಹೊಲಿಗೆಯ ಜೊತೆಗೆ ಹಾಡುಗಾರಿಕೆಯೂ ಪಿಟೀಲೂ ಜಾನ್‌ಗೆ ಅಲ್ಲಿಯೇ ಒಲಿದವು.

1841ರ ಜೂನ್ 5ರಂದು ಅವರು ಟ್ಯೂರಿನ್ ನಗರದಲ್ಲಿ ಗುರುದೀಕ್ಷೆ ಪಡೆದರು. ಆ ಕಾಲದ ಟ್ಯೂರಿನ್ ದಿನದಿನಕ್ಕೆ ಬೆಳೆಯುತ್ತಿದ್ದ ನಗರ. ಕಾಗದದ ಕಾರ್ಖಾನೆ ಬಂದ ಮೇಲೆ ನಮ್ಮ ದಾಂಡೇಲಿಗೆ ದೂರದೂರದ ಊರುಗಳಿಂದ ಜನರು ದುಡಿಮೆ ಅರಸಿ ಬಂದುದನ್ನು ನಾವು ಬಲ್ಲೆವು. ಹಾಗೆಯೇ ಅಲ್ಲಿಗೂ ಗುಡ್ಡಗಾಡಿನ ಹಳ್ಳಿಗಳಿಂದ ಹುಡುಗರು ಬರುತ್ತಿದ್ದರು. ಗಾರೆ ಕಲಸುವವರು, ಕಲ್ಲು ಹೊರುವವರು, ಹೊಗೆಗೂಡು ಗುಡಿಸುವವರು. ಹೆತ್ತವರ ಆಸರೆಯಿಲ್ಲದೆ ಬೀದಿಗೂ ಕಡೆಗೆ ಸೆರೆಮನೆಗೂ ಪಾಲಾಗುತ್ತಿದ್ದವರು ಅನೇಕರು. ಇಂಥವರನ್ನು ಡಾನ್ ಬೋಸ್ಕೊ ಭಾನುವಾರಗಳಂದು ಒಟ್ಟುಗೂಡಿಸತೊಡಗಿದರು. ಗದ್ದಲವನ್ನು ಸಹಿಸದ ನೆರೆಹೊರೆಯವರು ಒಂದೆಡೆಯಿಂದ ಇನ್ನೊಂದೆಡೆಗೆ ಅಟ್ಟಿದ ಬಳಿಕ, 1846ರ ಪಾಸ್ಕ ಹಬ್ಬದಂದು ವಾಲ್ದೊಕ್ಕೊ ಎಂಬಲ್ಲಿನ ಒಂದು ತಗ್ಗು ಕೊಟ್ಟಿಗೆ ಅವರಿಗೆ ನೆಲೆಯಾಯಿತು. ತಾಯಿ ಮಾರ್ಗರೀತಾ ಹಳ್ಳಿಯ ಮನೆಯನ್ನು ಬಿಟ್ಟು ಬಂದು ಆ ಅನಾಥರಿಗೂ ತಾಯಿಯಾದರು.

ಸಂಗೀತವಿಲ್ಲದ ಮಕ್ಕಳ ಮನೆ ನಿರ್ಜೀವವೆಂಬುದು ಡಾನ್ ಬೋಸ್ಕೊ ಅವರ ದೃಢ ನಂಬಿಕೆ. ಹಗಲೆಲ್ಲ ದುಡಿದು ದಣಿದ ಹುಡುಗರಿಗೆ ರಾತ್ರಿಯ ಹೊತ್ತು ಅಕ್ಷರದೊಡನೆ ಸ್ವರವನ್ನೂ ಕಲಿಸಿದರು. ದೇವಾಲಯಗಳಲ್ಲಿ ವಯಸ್ಸಾದ ಗಂಡಸರ ಕಂಠವನ್ನೇ ಕೇಳಿ ರೂಢಿಯಾಗಿದ್ದ ಜನರಿಗೆ ಈ ಬಾಲಕರ ಗಾನ ಅಚ್ಚರಿಯನ್ನುಂಟುಮಾಡಿತು. ಕ್ರಮೇಣ ವಾದ್ಯವೃಂದವೂ ಸಿದ್ಧವಾಯಿತು.

ಪ್ರತಿ ಅಕ್ಟೋಬರ್ ತಿಂಗಳಲ್ಲಿ ಜಪಸರ ಮಾತೆಯ ಹಬ್ಬಕ್ಕೆ ಅವರು ಹುಡುಗರನ್ನು ತಮ್ಮ ಹುಟ್ಟೂರಾದ ಬೆಕ್ಕಿಗೆ ಕರೆದೊಯ್ಯುವ ವಾಡಿಕೆ ಇತ್ತು. ವರ್ಷಗಳು ಕಳೆದಂತೆ ಈ ಯಾತ್ರೆ ಹಲವು ದಿನಗಳ ಪಾದಯಾತ್ರೆಯಾಗಿ ಬೆಳೆಯಿತು. ತುತ್ತೂರಿ, ಡೋಲುಗಳೊಡನೆ ಗುಡ್ಡ ಹತ್ತಿ ಇಳಿದು ಹಳ್ಳಿಯಿಂದ ಹಳ್ಳಿಗೆ ನಡೆಯುವುದು. ಬೆಳಿಗ್ಗೆ ಬಲಿಪೂಜೆಯಲ್ಲಿ ಹಾಡುವುದು. ಸಂಜೆ ಊರವರೆದುರು ಕಿರುನಾಟಕವಾಡುವುದು. ಯಾರಾದರೂ ಕೊಟ್ಟುದನ್ನು ಉಂಡು ಹುಲ್ಲಿನ ಮೇಲೆ ಮಲಗುವುದು. ಜೋಯಿಡಾದ ಕಾಡುದಾರಿಗಳಲ್ಲಿ ನಡೆದು ಬಲ್ಲವರಿಗೆ ಆ ದಣಿವೂ ಆ ಉಲ್ಲಾಸವೂ ಸುಲಭವಾಗಿ ಅರ್ಥವಾದಾವು. ಪಾಪನಿವೇದನೆ, ಪರಮಪ್ರಸಾದ ಮತ್ತು ರಾತ್ರಿಯ ಕಿರು ಬೋಧನೆಗಳನ್ನು ಮಾತ್ರ ಪಯಣದಲ್ಲಿಯೂ ತಪ್ಪಿಸುತ್ತಿರಲಿಲ್ಲ.

ಇಂಥ ಯಾತ್ರೆಗಳಲ್ಲೆಲ್ಲ ದೊಡ್ಡದು 1864ರದು. ಆ ವರ್ಷ ಸುಮಾರು ನೂರು ಹುಡುಗರು ಜಿನೋವಾ ಮಹಾನಗರಕ್ಕೆ ಹೊರಟರು. ಟ್ಯೂರಿನ್‌ನಿಂದ ಜಿನೋವಾಕ್ಕೆ ರೈಲುಮಾರ್ಗವಾಗಿ ಆಗಿನ್ನೂ ಹೆಚ್ಚು ವರ್ಷಗಳಾಗಿರಲಿಲ್ಲ. ಹಡಗುಗಳಿಂದ ಕಿಕ್ಕಿರಿದ ಬಂದರು, ಬೆಟ್ಟದ ಇಳಿಜಾರಿನಲ್ಲಿ ಮೆಟ್ಟಿಲುಮೆಟ್ಟಿಲಾಗಿ ಎದ್ದ ಸೌಧಗಳು, ಪುರಾತನ ದೇವಾಲಯಗಳು. ಕೊಲಂಬಸನ ಊರೆಂದು ಹೆಸರಾದ ಆ ನಗರ ಹಳ್ಳಿಯ ಹುಡುಗರ ಕಣ್ಣಿಗೆ ಹೇಗೆ ಕಂಡಿರಬಹುದೆಂದು ನಾವೇ ಊಹಿಸಿಕೊಳ್ಳಬಹುದು.

ಆದರೆ ಆ ಯಾತ್ರೆಯ ನಿಜವಾದ ಫಲ ದೊರೆತದ್ದು ಮಹಾನಗರದಲ್ಲಲ್ಲ. ಹಿಂದಿರುಗುವ ಹಾದಿಯಲ್ಲಿ, ದೊಮೆನಿಕೊ ಪೆಸ್ತರಿನೊ ಎಂಬ ಗುರುಗಳ ಆಹ್ವಾನದ ಮೇರೆಗೆ, ಅವರು ಗುಡ್ಡಗಳ ನಡುವಿನ ಮೊರ್ನೇಸೆ ಎಂಬ ಹಳ್ಳಿಗೆ ಬಂದರು. ಅಲ್ಲಿ ಮರಿಯ ಮಜ್ಜರೆಲ್ಲೊ ಎಂಬ 27 ವರ್ಷದ ಯುವತಿ ಇದ್ದಳು. 1860ರಲ್ಲಿ ಬಂಧುಗಳ ಶುಶ್ರೂಷೆ ಮಾಡುತ್ತ ತಾನೇ ವಿಷಮಜ್ವರಕ್ಕೆ ತುತ್ತಾಗಿ, ಹೊಲದ ದುಡಿಮೆಗೆ ಬೇಕಾದ ಕಸುವನ್ನು ಕಳೆದುಕೊಂಡವಳು. ಬಳಿಕ ಹೊಲಿಗೆ ಕಲಿತು ಊರ ಹೆಣ್ಣುಮಕ್ಕಳಿಗೆ ಕಲಿಸುತ್ತಿದ್ದವಳು. ವಾದ್ಯ ನುಡಿಯಿತು, ಹುಡುಗರು ಹಾಡಿದರು, ಊರು ನಲಿಯಿತು. ಮರಿಯಳ ಮನಸ್ಸನ್ನು ಸೆಳೆದದ್ದಾದರೋ ರಾತ್ರಿ ಮಲಗುವ ಮುನ್ನ ಡಾನ್ ಬೋಸ್ಕೊ ಹುಡುಗರಿಗೆ ಹೇಳುತ್ತಿದ್ದ ನಾಲ್ಕು ಮಾತುಗಳು. ಹೆಣ್ಣುಮಗಳು ಹೀಗೆ ಮುಂದೆ ಬರುವುದು ತರವಲ್ಲವೆಂದು ಜನರು ಭಾವಿಸಿದರೂ ಆಕೆ ಲೆಕ್ಕಿಸದೆ ಸಮೀಪ ಹೋಗಿ ಆಲಿಸಿದಳು. ಈತನು ಸಂತನೆಂದು ಆಕೆಯ ಅಂತರಂಗಕ್ಕೆ ಅನಿಸಿತು.

ಮುಂದಿನ ದಾರಿ ಹೂವಿನದಾಗಿರಲಿಲ್ಲ. ತಮ್ಮೂರಿನ ಗಂಡುಮಕ್ಕಳಿಗೆ ಶಾಲೆಯಾಗುವುದೆಂಬ ಆಸೆಯಿಂದ ಮೊರ್ನೇಸೆಯ ಜನರು ಸ್ವಂತ ಶ್ರಮದಿಂದ ಕಟ್ಟಡವೊಂದನ್ನು ಎಬ್ಬಿಸಿದರು. ಧರ್ಮಪ್ರಾಂತ್ಯದ ಅಧಿಕಾರಿಗಳು ಅದಕ್ಕೆ ಸಮ್ಮತಿಸಲಿಲ್ಲ. ಕೊನೆಗೆ ಆ ಕಟ್ಟಡ ಮರಿಯಳಿಗೂ ಆಕೆಯ ಸಂಗಾತಿಗಳಿಗೂ ದೊರೆತಾಗ ಊರವರು ಮುನಿದರು, ನೆರವನ್ನೂ ತಡೆಹಿಡಿದರು. ಆ ಕಡುಬಡತನದಲ್ಲೇ 1872ರ ಆಗಸ್ಟ್ 5ರಂದು ಕ್ರೈಸ್ತರ ಸಹಾಯ ಮಾತೆಯ ಪುತ್ರಿಯರ ಸಭೆ ಉದಯಿಸಿತು. ಇಂದು ಆ ಕನ್ಯಾಸ್ತ್ರೀಯರು ನಮ್ಮ ದೇಶವೂ ಸೇರಿದಂತೆ ಅನೇಕ ರಾಷ್ಟ್ರಗಳಲ್ಲಿ ಹೆಣ್ಣುಮಕ್ಕಳ ಸೇವೆಯಲ್ಲಿ ನಿರತರಾಗಿದ್ದಾರೆ. ಮರಿಯ ಮಜ್ಜರೆಲ್ಲೊ ಅವರಿಗೆ 1951ರಲ್ಲಿ ಸಂತ ಪದವಿ ಲಭಿಸಿತು.

1864ರ ಬಳಿಕ ಅಷ್ಟು ದೀರ್ಘವಾದ ಯಾತ್ರೆ ಮತ್ತೆ ನಡೆಯಲಿಲ್ಲ. ಆದರೆ ಹಾಡು ನಿಲ್ಲಲಿಲ್ಲ. 1868ರಲ್ಲಿ ಟ್ಯೂರಿನ್‌ನ ಸಹಾಯ ಮಾತೆಯ ಮಹಾದೇವಾಲಯ ಪ್ರತಿಷ್ಠೆಗೊಂಡಾಗ ಮೂರು ಗಾನವೃಂದಗಳು, ಅವುಗಳಲ್ಲೊಂದು ಗೋಪುರದ ಮೇಲಿನಿಂದ, ಒಂದಕ್ಕೊಂದು ದನಿಗೂಡಿಸಿದವು. ಆ ಗೀತೆಯನ್ನು ರಚಿಸಿದ ಜಾನ್ ಕಲ್ಯೆರೊ ವಾಲ್ದೊಕ್ಕೊದಲ್ಲಿಯೇ ಬೆಳೆದ ಹುಡುಗ; 1875ರಲ್ಲಿ ಅರ್ಜೆಂಟೈನಾಕ್ಕೆ ತೆರಳಿದ ಮೊದಲ ಸಲೇಸಿಯನ್ ತಂಡದ ನಾಯಕರಾಗಿ, ಮುಂದೆ ಕಾರ್ಡಿನಲ್ ಪದವಿಗೂ ಏರಿದರು. ಡಾನ್ ಬೋಸ್ಕೊ 1888ರ ಜನವರಿ 31ರಂದು ದೈವಾಧೀನರಾದರು. 1906ರಲ್ಲಿ ಅವರ ಸಭೆಯ ಗುರುಗಳು ತಂಜಾವೂರಿಗೆ ಬಂದು ಭಾರತದಲ್ಲಿ ಸೇವೆ ಆರಂಭಿಸಿದರು. 1934ರ ಪಾಸ್ಕ ಹಬ್ಬದಂದು ಜಗದ್ಗುರು ಹನ್ನೊಂದನೆಯ ಪಿಯುಸ್ ಅವರು ಡಾನ್ ಬೋಸ್ಕೊ ಅವರನ್ನು ಸಂತರೆಂದು ಘೋಷಿಸಿದರು.

ಜಿನೋವಾ ನಗರ ಆ ಹುಡುಗರ ಹಾಡನ್ನು ಎಂದೋ ಮರೆತಿರಬೇಕು. ಮೊರ್ನೇಸೆ ಮರೆಯಲಿಲ್ಲ. ನಮ್ಮ ಮಕ್ಕಳು ಮಹಾನಗರದಲ್ಲಿ ಹಾಡಿ ಮರಳಿದಾಗ ಎಷ್ಟು ಚಪ್ಪಾಳೆ ಬಿತ್ತೆಂದು ಕೇಳುವುದು ಸಹಜ. ಅದರೊಡನೆ, ದಾರಿಯಲ್ಲಿ ಯಾರ ಮನೆಯಲ್ಲಿ ಉಂಡಿರಿ, ಯಾರ ಮನಸ್ಸನ್ನು ತಣಿಸಿದಿರಿ, ರಾತ್ರಿ ಮಲಗುವ ಮುನ್ನ ಯಾವ ಮಾತು ಕೇಳಿದಿರಿ ಎಂದೂ ಕೇಳೋಣ. ಮಕ್ಕಳೊಡನೆ ನಡೆಯುವ ಹಿರಿಯರಿಗೆ ಸಂತ ಜಾನ್ ಬೋಸ್ಕೊ ಅವರ ಮಧ್ಯಸ್ಥಿಕೆ ಸದಾ ಬೆಂಗಾವಲಾಗಿರಲಿ.