ಸರ್ ಸಿ. ವಿ. ರಾಮನ್ – ಒಂದು ಸ್ಮರಣೆ

ಸೊಸೈಟಿಯ ಬೆಳ್ಳಿಹಬ್ಬದ ಸಂಚಿಕೆಯಲ್ಲಿ ವಿಜ್ಞಾನಿಯ ಕತೆ ಯಾಕೆ ಎಂದು ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಸದಸ್ಯ ಬಾಂಧವರು ಕೇಳಬಹುದು. ರಾಮನ್ನರೂ ಒಂದು ಸಂಘ ಕಟ್ಟಿ, ಸಾಯುವವರೆಗೆ 36 ವರ್ಷ ಅದರ ಅಧ್ಯಕ್ಷರಾಗಿದ್ದವರು. ಅದಕ್ಕೇ ಬರೆಯುತ್ತಿದ್ದೇವೆ.

1888ರ ನವೆಂಬರ್ 7ರಂದು ತಿರುಚಿನಾಪಳ್ಳಿಯಲ್ಲಿ ಹುಟ್ಟಿದ ಇವರು 1907ರಲ್ಲಿ ಕಲ್ಕತ್ತೆಯಲ್ಲಿ ಸರ್ಕಾರಿ ಲೆಕ್ಕಪತ್ರ ಅಧಿಕಾರಿಯಾದರು. ಕಚೇರಿಗೆ ಮುಂಚೆ, ಕಚೇರಿ ಬಿಟ್ಟ ಮೇಲೆ ಪ್ರಯೋಗಶಾಲೆ. 1917ರಲ್ಲಿ ಆ ದೊಡ್ಡ ಸಂಬಳ ಬಿಟ್ಟು ಪ್ರೊಫೆಸರ್ ಆದರು. ನಮ್ಮಲ್ಲಿ ಯಾರಾದರೂ ಹಾಗೆ ಮಾಡಿದ್ದರೆ ಮನೆಯವರು ಸುಮ್ಮನೆ ಬಿಡ್ತಿದ್ದರಾ? 1921ರ ಹಡಗು ಪ್ರಯಾಣದಲ್ಲಿ ಸಮುದ್ರ ಯಾಕೆ ನೀಲಿ ಎಂಬ ಪ್ರಶ್ನೆ ಹಿಡಿದುಕೊಂಡಿತು. ಅದು ಬರೀ ಆಕಾಶದ ಪ್ರತಿಬಿಂಬವಲ್ಲ, ನೀರೇ ಬೆಳಕನ್ನು ಚದುರಿಸುತ್ತದೆ ಎಂದು ತೋರಿಸಿದರು. ಹಾಗೆ ಚದುರಿದ ಬೆಳಕಿನಲ್ಲಿ ಅತ್ಯಲ್ಪ ಭಾಗ ಬಣ್ಣ ಬದಲಿಸುತ್ತದೆ ಎಂಬುದು 1928ರ ಫೆಬ್ರವರಿ 28ರಂದು ಸಿಕ್ಕಿತು. 1930ರಲ್ಲಿ ನೊಬೆಲ್.

1933ರಲ್ಲಿ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿಗೆ ನಿರ್ದೇಶಕರಾಗಿ ಬಂದರು. ಮರುವರ್ಷವೇ 65 ಮಂದಿ ಫೆಲೋಗಳನ್ನು ಸೇರಿಸಿ ಭಾರತೀಯ ವಿಜ್ಞಾನ ಅಕಾಡೆಮಿ ಕಟ್ಟಿದರು. ಮೈಸೂರು ಸರ್ಕಾರ 11 ಎಕರೆ ಜಾಗ ಕೊಟ್ಟಿತು. ಭಿನ್ನಾಭಿಪ್ರಾಯ ಬಂದು 1937ರಲ್ಲಿ ನಿರ್ದೇಶಕ ಹುದ್ದೆ ಹೋಯಿತು, ಅಕಾಡೆಮಿಯನ್ನು ಮಾತ್ರ ಬಿಡಲಿಲ್ಲ. ಅದೇ ಜಾಗದಲ್ಲಿ 1948ರಲ್ಲಿ ಸಂಶೋಧನಾ ಸಂಸ್ಥೆಯನ್ನೂ ಎಬ್ಬಿಸಿದರು. ಊರೂರು ತಿರುಗಿ ಚಂದಾ ಎತ್ತಿದರು. ಸಂಸ್ಥೆಗೆ ಸರ್ಕಾರದ ಹಣ ಬೇಡವೆಂದರು, ಹಣ ತಗೊಂಡರೆ ಅವರ ಮಾತು ಕೇಳಬೇಕಾಗುತ್ತದಲ್ಲ!

ನಮ್ಮ ಗೋದಾಮಿಗೆ ಸಹಾಯಧನ ಬೇಕೋ ಬೇಡವೋ ಎಂದು ಆಡಳಿತ ಮಂಡಳಿಯಲ್ಲಿ ಎರಡು ಸಭೆ ಜಗಳವಾಡಿ ಕೊನೆಗೆ ತೆಗೆದುಕೊಂಡೆವು. ಆ ಹಠ ನಮಗೆ ಬರಲಿಲ್ಲ.

1970ರ ನವೆಂಬರ್ 21ರಂದು ತೀರಿಕೊಂಡರು. ಸಂಸ್ಥೆಯ ತೋಟದಲ್ಲೇ ದಹನವಾಯಿತು. ಆ ಜಾಗದಲ್ಲಿ ಒಂದು ಮರ ನೆಟ್ಟಿದ್ದಾರೆ.