ಊರೂರಿನ ಶಾಲೆಗಳಿಗೆ ಒಂದೇ ಪಾಠ ಹಾಕಿಕೊಟ್ಟ ಗವಾಯಿ

ಸಂಗೀತ ಪರೀಕ್ಷೆ ಬಂತೆಂದರೆ ನಮ್ಮ ಬಸ್ಸುಗಳಲ್ಲಿ ತಬಲಾ ಗಂಟು ಹೊತ್ತ ಹುಡುಗರು ಕಾಣ್ತಾರೆ. ಪ್ರಾರಂಭಿಕ, ಪ್ರವೇಶಿಕಾ, ಮಧ್ಯಮಾ, ವಿಶಾರದ ಅಂತ ಮೆಟ್ಟಿಲು ಮೆಟ್ಟಿಲಾಗಿ ಪರೀಕ್ಷೆ. ಹುಬ್ಬಳ್ಳಿ ಹುಡುಗಿಗೂ ಪುಣೆ ಹುಡುಗನಿಗೂ ಅದೇ ರಾಗ, ಅದೇ ತಾಳ. ಈ ಏರ್ಪಾಡು ತಾನಾಗಿ ಬಂದದ್ದಲ್ಲ. ಇದರ ಹಿಂದೆ ಒಬ್ಬ ಮನುಷ್ಯನ ಇಡೀ ಬಾಳು ಸವೆದಿದೆ.

ಅವರೇ ಪಂಡಿತ ವಿಷ್ಣು ದಿಗಂಬರ ಪಲುಸ್ಕರ್. ಹುಟ್ಟಿದ್ದು 1872ರ ಆಗಸ್ಟ್ 18, ಬೆಳಗಾವಿ ಗಡಿಯಾಚೆಯ ಕುರುಂದವಾಡದಲ್ಲಿ. ತಂದೆ ಕೀರ್ತನಕಾರರು. ಚಿಕ್ಕಂದಿನಲ್ಲೇ ದತ್ತ ಜಯಂತಿಯ ಪಟಾಕಿ ಸಿಡಿದು ಕಣ್ಣು ಮಂದವಾಯಿತು. ಶಾಲೆಯ ಓದು ಅಲ್ಲಿಗೇ ನಿಂತಿತು. ಮಿರಜದಲ್ಲಿ ಬಾಲಕೃಷ್ಣಬುವಾ ಇಚಲಕರಂಜೀಕರ್ ಅವರ ಬಳಿ ಗ್ವಾಲಿಯರ್ ಗಾಯಕಿ ಕಲಿಯೋದಕ್ಕೆ ಕೂತರು.

ಆಗಿನ ಕಾಲದಲ್ಲಿ ಹಾಡುವವರಿಗೆ ಚಪ್ಪಾಳೆ ಸಿಗ್ತಿತ್ತು, ಮರ್ಯಾದೆ ಸಿಗ್ತಿರಲಿಲ್ಲ. ಒಂದು ಸಮಾರಂಭಕ್ಕೆ ತಮಗೆ ಕರೆ ಬಂದು ಗುರುಗಳಿಗೆ ಬಾರದೆ ಹೋದದ್ದು ಅವರ ಎದೆಗೆ ನಾಟಿತು ಅಂತ ಚರಿತ್ರೆ ಬರೆದವರು ಹೇಳ್ತಾರೆ. 1896ರಲ್ಲಿ ಮಿರಜ ಬಿಟ್ಟು ಹೊರಟೇಬಿಟ್ಟರು. ಊರೂರು ಹಾಡುತ್ತ ಲಾಹೋರ್ ಮುಟ್ಟಿ, 1901ರ ಮೇ 5ರಂದು ಗಾಂಧರ್ವ ಮಹಾವಿದ್ಯಾಲಯ ತೆರೆದರು. ರಾಜರ ಖಜಾನೆ ನಂಬಲಿಲ್ಲ. ಜನರ ವಂತಿಗೆ, ತಮ್ಮ ಕಛೇರಿಯ ದುಡ್ಡು, ಇಷ್ಟೇ ಬಂಡವಾಳ.

ಅಲ್ಲೀತನಕ ವಿದ್ಯೆ ಅನ್ನೋದು ಒಬ್ಬೊಬ್ಬ ಉಸ್ತಾದರ ತಿಜೋರಿಯಲ್ಲಿತ್ತು. ಚೀಜುಗಳನ್ನು ಹೊರಗಿನವರ ಕಿವಿಗೆ ಬೀಳಗೊಡ್ತಿರಲಿಲ್ಲ. ಗುರು ಬದಲಾದರೆ ಶಿಷ್ಯ ಮತ್ತೆ ಮೊದಲಿನಿಂದ ಶುರು ಮಾಡಬೇಕು. ಪಲುಸ್ಕರ್ ಸ್ವರಲಿಪಿ ಕಟ್ಟಿದರು, ಪುಸ್ತಕ ಅಚ್ಚು ಹಾಕಿಸಿದರು, ತರಗತಿ, ವೇಳಾಪಟ್ಟಿ, ಪರೀಕ್ಷೆ ತಂದರು. ಹೆಣ್ಣುಮಕ್ಕಳಿಗೂ ಬಾಗಿಲು ತೆರೆದರು. ಒಂಬತ್ತು ವರ್ಷ ಜೊತೆಗಿದ್ದು ಕಲಿಯುವ ಉಪದೇಶಕ ವರ್ಗದ ಹುಡುಗರಿಗೆ ಊಟ, ವಸತಿ, ವಿದ್ಯೆ ಎಲ್ಲ ಪುಕ್ಕಟೆ. ಕಲಿತವರು ಬೇರೆ ಊರಿಗೆ ಹೋಗಿ ಅದೇ ಪಾಠ ಹೇಳಬೇಕು, ಅದೇ ಗುರುದಕ್ಷಿಣೆ.

1908ರಲ್ಲಿ ಮುಂಬಯಿಗೆ ಬಂದರು. ಸಾಲ ಎತ್ತಿ ದೊಡ್ಡ ಕಟ್ಟಡ ಕಟ್ಟಿದರು. ಊರೂರು ತಿರುಗಿ ಹಾಡಿದರೂ ಸಾಲ ಹರಿಯಲಿಲ್ಲ, ಕಟ್ಟಡ ಹರಾಜಾಯಿತು. ಕೊನೆಗಾಲವನ್ನು ನಾಸಿಕದ ಆಶ್ರಮದಲ್ಲಿ ರಾಮನಾಮದಲ್ಲಿ ಕಳೆದರು. 1931ರ ಆಗಸ್ಟ್ 21ರಂದು, ಕಲಿತ ಊರಾದ ಮಿರಜದಲ್ಲೇ ಕಣ್ಣು ಮುಚ್ಚಿದರು.

ಗುರುವೂ ಇಲ್ಲ, ಕಟ್ಟಡವೂ ಇಲ್ಲ. ಶಿಷ್ಯರು ನಾನೇ ವಾರಸುದಾರ ಅಂತ ಕಚ್ಚಾಡಬಹುದಿತ್ತು. ಹಾಗೆ ಮಾಡಲಿಲ್ಲ. ಅದೇ ವರ್ಷ ಅಹಮದಾಬಾದಿನಲ್ಲಿ ಸೇರಿ ಅಖಿಲ ಭಾರತೀಯ ಗಾಂಧರ್ವ ಮಹಾವಿದ್ಯಾಲಯ ಮಂಡಳ ಕಟ್ಟಿದರು. ಶಾಲೆ ಅವರವರದ್ದು, ಪಠ್ಯ ಮತ್ತು ಪರೀಕ್ಷೆ ಎಲ್ಲರದ್ದು. ಅಪ್ಪನಿಗೆ ವರ್ಗವಾದರೂ ಮಗಳ ಪಾಠ ನಿಲ್ಲದ ಹಾಗಾಯಿತು. ಹಳ್ಳಿಯ ಮೇಷ್ಟ್ರ ಶಿಷ್ಯನೂ ನಗರದ ಶಿಷ್ಯನೂ ಒಂದೇ ತಕ್ಕಡಿಯಲ್ಲಿ ತೂಗಿದರು.

ಇದರ ಫಲ ನಮ್ಮ ಮನೆ ಬಾಗಿಲಿಗೂ ಬಂತು ನೋಡ್ರಿ. ಪಲುಸ್ಕರರ ಶಿಷ್ಯ ಬಿ.ಆರ್. ದೇವಧರ್ ಮುಂಬಯಿಯಲ್ಲಿ ಸಂಗೀತ ಶಾಲೆ ನಡೆಸುತ್ತಿದ್ದರು. ಬೇರೆ ಬೇರೆ ಘರಾಣೆಯ ದೊಡ್ಡವರು ಅಲ್ಲಿಗೆ ಬಂದು ಹಾಡ್ತಿದ್ದರು. ಬೆಳಗಾವಿ ಬಳಿಯ ಸುಳೇಭಾವಿಯ ಶಿವಪುತ್ರ ಅನ್ನೋ ಹುಡುಗ 1930ರ ದಶಕದಲ್ಲಿ ಅಲ್ಲಿ ಸೇರಿದ. ಎಲ್ಲರನ್ನೂ ಕೇಳಿ ಬೆಳೆದ ಆತನೇ ಮುಂದೆ ಕುಮಾರ ಗಂಧರ್ವ.

ನಮ್ಮ ಶಾಲೆಗಳು ಗ್ಯಾದರಿಂಗ್ ಬಂದಾಗ ಒಂದೊಂದೇ ದುಡ್ಡು ಸುರಿದು, ಕ್ಯಾಸೆಟ್ ಕಾಲದಿಂದಲೂ ಹಚ್ಚಿದ ಹಾಡಿಗೇ ಮಕ್ಕಳನ್ನು ಕುಣಿಸುತ್ತ ಬಂದಿವೆ. ಸಂಗೀತ ಮೇಷ್ಟ್ರನ್ನು ಒಂದೇ ಶಾಲೆ ಸಾಕುವುದು ಕಷ್ಟ, ಒಪ್ಪಬೇಕಾದ್ದೇ. ಆದರೆ ಓಣಿಯ ಮೂರು ಶಾಲೆ ಕೂಡಿದರೆ ಒಬ್ಬ ಮೇಷ್ಟ್ರು, ಒಂದು ಪೆಟ್ಟಿಗೆ, ಒಂದು ಜೊತೆ ತಬಲಾ ಸಾಕು. ವರ್ಷಕ್ಕೊಮ್ಮೆ ಈ ಶಾಲೆಯ ಮಕ್ಕಳು ಆ ಶಾಲೆಯ ಅಂಗಳದಲ್ಲಿ ಹಾಡಲಿ. ಹೆಡ್‌ಮಾಸ್ತರರು ಈ ಜೂನ್‌ನಲ್ಲೇ ಒಂದು ಸಲ ಕೂತು ಮಾತಾಡಿದರೆ ಖರ್ಚೇನೂ ಇಲ್ಲ.