ಹಬೆ ಮತ್ತು ನೀರನ್ನು ಬೇರೆ ಮಾಡಿದ ಜೇಮ್ಸ್ ವ್ಯಾಟ್

ಕಳೆದ ದಸರಾ ರಜೆಯಲ್ಲಿ ಮುತ್ತಿನಕೊಪ್ಪದಿಂದ ನನ್ನ ಮಾಮನ ಊರಿಗೆ ಹೋಗಿದ್ದೆ. ಮಾಮ ಅಲ್ಲಿ ಒಂದು ಅಕ್ಕಿ ಗಿರಣಿಯ ಬಾಯ್ಲರ್ ನೋಡಿಕೊಳ್ಳುತ್ತಾರೆ. ಬಾಯ್ಲರಿನ ಹಬೆ ಕೊಳವೆಗಳ ಒಳಗೆ ಹರಿಯುತ್ತದೆ. ಆ ಕೊಳವೆಗಳಿಗೆ ತಾಗಿ ಹೋಗುವ ಗಾಳಿ ಬಿಸಿಯಾಗಿ, ಬೇಯಿಸಿದ ಭತ್ತವನ್ನು ಒಣಗಿಸುತ್ತದೆ. ಅಂದು ಎಷ್ಟು ಹಬೆ ಬಿಟ್ಟರೂ ಗಾಳಿ ಬಿಸಿಯಾಗಲಿಲ್ಲ. ಹಬೆ ಸಾಲದೇನೋ ಎಂದುಕೊಂಡೆ. ಮಾಮ ಕೊಳವೆಯ ಕೆಳತುದಿಯ ವಾಲ್ವನ್ನು ನಿಧಾನವಾಗಿ ತೆರೆದರು. ಬಿಸಿನೀರು ಬುಸುಗುಟ್ಟುತ್ತ ಹೊರಬಂತು. ಸ್ವಲ್ಪ ಹೊತ್ತಿಗೆ ಗಾಳಿಯೂ ಬಿಸಿಯಾಯಿತು. ನೀರನ್ನು ತಾನಾಗಿ ಹೊರಬಿಟ್ಟು ಹಬೆಯನ್ನು ತಡೆಯುವ ಸ್ಟೀಮ್ ಟ್ರ್ಯಾಪ್ ಕಟ್ಟಿಕೊಂಡಿತ್ತು.

ಕಾಲೇಜಿಗೆ ಬಂದು ಭೌತಶಾಸ್ತ್ರದ ಸರ್ ಹತ್ತಿರ ಕೇಳಿದೆ. 100 ಡಿಗ್ರಿಯ ಒಂದು ಕಿಲೋ ಹಬೆ ನೀರಾಗುವಾಗ ಸುಮಾರು 2257 ಕಿಲೋಜೂಲ್ ಶಾಖ ಬಿಡುತ್ತದೆ. ಅದೇ ನೀರು 90 ಡಿಗ್ರಿಗೆ ಇಳಿದರೆ ಕೊಡುವುದು ಸುಮಾರು 42 ಮಾತ್ರ. ಹಾಗಾಗಿ ನೀರು ನಿಂತ ಕೊಳವೆ ಹೆಚ್ಚುಕಡಿಮೆ ಸತ್ತ ಕೊಳವೆ ಎಂದು ವಿವರಿಸಿ, ಜೇಮ್ಸ್ ವ್ಯಾಟರ ಜೀವನ ಓದಲು ಹೇಳಿದರು. ಓದಿದ್ದನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇನೆ.

ವ್ಯಾಟ್ ಹುಟ್ಟಿದ್ದು 1736ರ ಜನವರಿ 19ರಂದು, ಸ್ಕಾಟ್ಲೆಂಡಿನ ಗ್ರೀನಕ್ ಪಟ್ಟಣದಲ್ಲಿ. ಬಾಲ್ಯದಲ್ಲಿ ಆರೋಗ್ಯ ಸರಿಯಿರಲಿಲ್ಲ. ಲಂಡನ್ನಿನಲ್ಲಿ ಒಂದು ವರ್ಷ ಉಪಕರಣ ತಯಾರಿ ಕಲಿತು ಬಂದರು. 1757ರಲ್ಲಿ ಗ್ಲಾಸ್ಗೋ ವಿಶ್ವವಿದ್ಯಾಲಯ ತನ್ನ ಆವರಣದಲ್ಲೇ ಅವರಿಗೆ ಕೆಲಸದ ಕೋಣೆ ಕೊಟ್ಟಿತು. ಹಬೆಯ ಗುಪ್ತ ಶಾಖವನ್ನು ಕಂಡುಹಿಡಿದ ಜೋಸೆಫ್ ಬ್ಲಾಕ್ ಅಲ್ಲೇ ಅವರಿಗೆ ಗೆಳೆಯರಾದರು.

ಕೆಟಲ್ ಮುಚ್ಚಳ ಕುಣಿಯುವುದನ್ನು ನೋಡಿ ವ್ಯಾಟ್ ಹಬೆ ಯಂತ್ರ ಕಂಡುಹಿಡಿದರು ಎಂಬ ಕಥೆ ನಾವೆಲ್ಲ ಕೇಳಿದ್ದೇವೆ. ನಿಜವಾಗಿ ನ್ಯೂಕಾಮೆನ್ನರ ಹಬೆ ಯಂತ್ರ ಮೊದಲೇ ಇತ್ತು. 1763ರ ಸುಮಾರಿಗೆ ಅದರ ಚಿಕ್ಕ ಮಾದರಿಯೊಂದು ರಿಪೇರಿಗೆ ವ್ಯಾಟರ ಕೈಗೆ ಬಂತು. ಅದರಲ್ಲಿ ಸಿಲಿಂಡರಿಗೆ ಹಬೆ ತುಂಬಿ, ಅದರೊಳಗೇ ತಣ್ಣೀರು ಚಿಮ್ಮಿಸಿ ಹಬೆಯನ್ನು ನೀರಾಗಿಸುತ್ತಿದ್ದರು. ಪ್ರತಿ ಸಲವೂ ಸಿಲಿಂಡರ್ ತಣ್ಣಗಾಗುತ್ತಿತ್ತು. ಅದನ್ನು ಮತ್ತೆ ಕಾಯಿಸುವುದರಲ್ಲೇ ಬಹುಪಾಲು ಹಬೆ ವ್ಯರ್ಥವಾಗುತ್ತಿತ್ತು. 1765ರ ಒಂದು ಭಾನುವಾರ ಮೈದಾನದಲ್ಲಿ ನಡೆಯುತ್ತಿದ್ದಾಗ ಅವರಿಗೆ ಉತ್ತರ ಹೊಳೆಯಿತು: ಹಬೆ ನೀರಾಗುವುದು ಬೇರೆ ಪಾತ್ರೆಯಲ್ಲಿ ಆಗಲಿ, ಸಿಲಿಂಡರ್ ಬಿಸಿಯಾಗಿಯೇ ಇರಲಿ. ಆ ನೀರನ್ನೂ ಗಾಳಿಯನ್ನೂ ಹೊರಹಾಕಲು ಒಂದು ಪಂಪು ಇಟ್ಟರು.

ಹೊಳೆದದ್ದು ಒಂದು ದಿನ, ನಡೆಸಲು ಹತ್ತು ವರ್ಷ ಬೇಕಾಯಿತು. 1769ರಲ್ಲಿ ಪೇಟೆಂಟ್ ಸಿಕ್ಕರೂ ಹಣ ಹಾಕಿದ್ದ ರೋಬಕ್ ದಿವಾಳಿಯಾದರು. ಸಂಸಾರ ನಡೆಸಲು ವ್ಯಾಟ್ ಕಾಲುವೆ ಸರ್ವೆ ಮಾಡಿದರು. 1773ರಲ್ಲಿ ಪತ್ನಿ ಮಾರ್ಗರೆಟ್ ತೀರಿಕೊಂಡರು. ಮರುವರ್ಷ ವ್ಯಾಟ್ ಬರ್ಮಿಂಗ್‌ಹ್ಯಾಮಿಗೆ ಹೋದರು. 1775ರಲ್ಲಿ ಮ್ಯಾಥ್ಯೂ ಬೌಲ್ಟನ್ ಪಾಲುದಾರರಾದ ಮೇಲೆ ಯಂತ್ರಗಳು ಗಣಿಗಳಲ್ಲಿ ಓಡತೊಡಗಿದವು.

ನನಗೆ ಹೆಚ್ಚು ಹಿಡಿಸಿದ್ದು ಅವರ ಒಂದು ಸಣ್ಣ ಪ್ರಯೋಗ. 1784ರ ಚಳಿಗಾಲದಲ್ಲಿ ವ್ಯಾಟ್ ತಮ್ಮ ಓದುವ ಕೋಣೆಯನ್ನು ಹಬೆಯಿಂದ ಬೆಚ್ಚಗೆ ಮಾಡಲು ಹೊರಟರು. ತಗಡಿನ ಚಪ್ಪಟೆ ಪೆಟ್ಟಿಗೆಗೆ ಕೆಳಗಿನ ಬಾಯ್ಲರಿನಿಂದ ಹಬೆ ಬರುತ್ತಿತ್ತು. ಒಳಗಿನ ಗಾಳಿ ಬಿಡಲು ಒಂದು ನಲ್ಲಿ ಇತ್ತು. ನೀರು ಅದೇ ಕೊಳವೆಯಲ್ಲಿ ಬಾಯ್ಲರಿಗೆ ಮರಳುತ್ತಿತ್ತು. ಕೋಣೆ ಎಣಿಸಿದಷ್ಟು ಬಿಸಿಯಾಗಲಿಲ್ಲ. ಆದರೂ ಮಾಮನ ಗಿರಣಿಯಲ್ಲಿ ನಾನು ಕಂಡ ವ್ಯವಸ್ಥೆಯ ಮೂಲ ಅದರಲ್ಲಿದೆ: ಹಬೆ ಒಳಗೆ, ಗಾಳಿ ಹೊರಗೆ, ನೀರು ಹಿಂದಕ್ಕೆ.

ವ್ಯಾಟ್ 1819ರ ಆಗಸ್ಟ್ 25ರಂದು ನಿಧನರಾದರು. ಮನೆಯ ಬಲ್ಬಿನ ಮೇಲೆ ಇಂದಿಗೂ ಅವರ ಹೆಸರಿದೆ. ಅವರ ಬದುಕಿನಿಂದ ನಾನು ಕಲಿತದ್ದು ಇಷ್ಟು: ಕೆಲಸ ಆಗದಿದ್ದಾಗ ಇನ್ನಷ್ಟು ಹಬೆ ಬಿಡುವ ಮೊದಲು, ಒಳಗೆ ನಿಂತದ್ದೇನು ಎಂದು ನೋಡಬೇಕು. ಪರೀಕ್ಷೆ ಹತ್ತಿರ ಬಂದಿದೆ; ಓದು ತಲೆಗೆ ಹತ್ತದಾಗ ನನಗೂ ಇದು ನೆನಪಾಗುತ್ತದೆ.